ಸುಂಕಮ್ಮ ಸತ್ತು ಕೂತ ಜಾಗ

ಬಳ್ಳಾರಿಯಲ್ಲಿ ಎಮ್ಮೆ ಸತ್ತರೆ ನನ್ನನ್ನೇ ಕರೆಯಬೇಕಿತ್ತು. ಬೇರೆ ಗಂಡಸು ಇರಲಿಲ್ಲ. ಆನೆಯಂಥ ಎಮ್ಮೆಯನ್ನು ಒಂದೇ ಹೆಗಲ ಮೇಲೆ ಹಾಕಿಕೊಂಡು, ಬೀಡಿ ಸೇದುತ್ತಾ, ಪೇಟೆಯ ನಡುವೆ ಮೀಸೆ ತಿರುವುತ್ತಾ ಹೋಗುತ್ತಿದ್ದೆ. ಬೀಡಿ ಆರುವುದರೊಳಗೆ ತೊಗಲು ಒಂದು ಕಡೆ, ಎಮ್ಮೆ ಒಂದು ಕಡೆ. ನನ್ನ ಕತ್ತಿ ಎಷ್ಟು ನಯವೆಂದರೆ, ಒಂದು ಎಮ್ಮೆ ತನ್ನ ತೊಗಲು ಹೋದದ್ದು ಗೊತ್ತಾಗದೆ ಎದ್ದು ಮೇಯಲು ಹೋಗಿತ್ತು. ನಗಬೇಡಿ. ಈ ಓಬಣ್ಣನ ಮಾತಿನಲ್ಲಿ ಅರ್ಧ ತೆಗೆದುಹಾಕಿದರೂ ಉಳಿದದ್ದು ಒಂದು ಊರಿಗೆ ಸಾಕಾಗುತ್ತದೆ. ಈಗ ಹೇಳುವುದರಲ್ಲಿ ಮಾತ್ರ ಏನನ್ನೂ ತೆಗೆಯಬೇಡಿ.

ನಮ್ಮ ಮಾದಿಗರ ಕೇರಿ ಕೋಟೆಗುಡ್ಡದ ಹಿಂದಿನ ತೊಗಲ ಬಯಲಿನಲ್ಲಿತ್ತು. ಊರಿನ ಸತ್ತ ದನಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದ ನೆಲ. ಅಲ್ಲಿ ಇದ್ದದ್ದು ಮೂಳೆ, ಹದ್ದು, ನಾಯಿ, ನಾವು. ಆ ವಾಸನೆಗೆ ಗುಂತಕಲ್ಲಿನ ರೈಲು ಕೂಡ ಮೂಗು ಮುಚ್ಚಿಕೊಂಡು ಓಡುತ್ತಿತ್ತು. ಆ ನೆಲ ಯಾರಿಗೂ ಬೇಕಿರಲಿಲ್ಲ. ಅದಕ್ಕೇ ನಮಗೆ ಸಿಕ್ಕಿತ್ತು.

ನಾವು ಮೂಲ ಕುರುಗೋಡಿನವರು. ಅಲ್ಲಿ ನನ್ನ ಭಾವ ಗೌಡನ ಮನೆಯ ಬಿಟ್ಟಿ ಕೆಲಸಕ್ಕೆ ಒಂದು ದಿನ ಹೋಗಲಿಲ್ಲ. ಮರುದಿನ ನಮ್ಮ ಗುಡಿಸಲುಗಳು ಇರಲಿಲ್ಲ. ಬೂದಿ ಇತ್ತು. ನನ್ನ ಅಕ್ಕ ಸುಂಕಮ್ಮ ಮಗ ಮಾರೆಣ್ಣನನ್ನು ಸೊಂಟಕ್ಕೆ ಏರಿಸಿ, ಮಡಕೆಯನ್ನು ತಲೆಯ ಮೇಲಿಟ್ಟು ಬಳ್ಳಾರಿಗೆ ನಡೆದಳು. ಭಾವ ತೊಗಲು ಹದ ಮಾಡುವ ಸುಣ್ಣದ ತೊಟ್ಟಿಯಲ್ಲಿ ನಿಂತು ನಿಂತು ಕಾಲು ಕೊಳೆತು ಸತ್ತ. ಅದೇ ತೊಟ್ಟಿಗೆ ಅಕ್ಕ ಇಳಿದಳು. ಸುಣ್ಣ ಅವಳ ಉಗುರು ತಿಂದಿತು. ಅಂಗೈ ತಿಂದಿತು. ಹೆಬ್ಬೆಟ್ಟಿನ ಗೆರೆಗಳನ್ನೂ ಬಿಡಲಿಲ್ಲ. ಮಗನನ್ನು ಮಾತ್ರ ಅವಳು ತೊಟ್ಟಿಯ ಹತ್ತಿರ ಬಿಡಲಿಲ್ಲ.

ಬಯಲಿನ ಒಡೆಯ ದೊಡ್ಡಬಸಪ್ಪ. ಪೇಟೆಯಲ್ಲಿ ಅವನ ಹತ್ತಿ ಮಂಡಿ. ಗುಡಿಸಲಿಗೆ ವರ್ಷಕ್ಕೊಂದು ಜೊತೆ ಚಪ್ಪಲಿ ಕೊಟ್ಟರೆ ಅವನ ನೆಲಬಾಡಿಗೆ ತೀರುತ್ತಿತ್ತು. "ಆ ಹೊಲಸಿಗೆ ರೊಕ್ಕ ಯಾವನು ಕೊಡ್ತಾನ?" ಎಂದು ನಗುತ್ತಿದ್ದ. ಅವನ ಮನೆಯಲ್ಲಿ ಎಷ್ಟು ಚಪ್ಪಲಿ ಬಿದ್ದಿದ್ದವೆಂದರೆ, ಅವನು ಜರಿಹುಳವಾಗಿ ಹುಟ್ಟಿದ್ದರೂ ಬರಿಗಾಲಲ್ಲಿ ನಡೆಯಬೇಕಿರಲಿಲ್ಲ.

ಯುದ್ಧ ಮುಗಿದ ವರ್ಷ ಮಾರೆಣ್ಣ ಬೊಂಬಾಯಿಗೆ ಹೋದ. ಬಂದರಿನಲ್ಲಿ ಮೂಟೆ ಹೊರುವ ಕೆಲಸ. ಅವನ ಹಿಂದೆ ಪಕ್ಕದ ಗುಡಿಸಲಿನ ಪಾರಮ್ಮನ ಮಗ ಹೋದ, ಅವನ ಹಿಂದೆ ಉಚ್ಚೆಂಗೆಪ್ಪ, ಆಮೇಲೆ ಮೀಸೆ ಮೂಡಿದವರೆಲ್ಲ. ನಮ್ಮ ಹುಡುಗರು ಬೆನ್ನು ತೆಗೆದಿದ್ದರೆ ಆ ಹಡಗುಗಳೆಲ್ಲ ನಿಂತಲ್ಲೇ ಮುಳುಗುತ್ತಿದ್ದವು. ತಿಂಗಳು ತಿಂಗಳು ಮನಿಯಾರ್ಡರ್ ಬರತೊಡಗಿತು. ಎಲ್ಲರ ಬಾಯಲ್ಲೂ ಒಂದೇ ಮಾತು. ಗುಡಿಸಲು ನಿಂತ ನೆಲವನ್ನು ಕೊಳ್ಳಬೇಕು. ಕುರುಗೋಡಿನಲ್ಲಿ ಆದದ್ದು ಇನ್ನೊಮ್ಮೆ ಆಗಬಾರದು.

ಅಂಚೆಯ ಮಲ್ಲಯ್ಯ ಕೇರಿಗೆ ಕಾಲಿಡುತ್ತಿರಲಿಲ್ಲ. ದೊಡ್ಡಬಸಪ್ಪನ ಮಂಡಿಯ ಮುಂದೆ ನಿಂತು ಕೂಗುತ್ತಿದ್ದ. ನಮ್ಮ ಹೆಂಗಸರು ಹೋಗಿ ಜಗಲಿಯ ಕೆಳಗೆ ನಿಲ್ಲುತ್ತಿದ್ದರು. ಹೆಬ್ಬೆಟ್ಟು ಒತ್ತಿದರೆ ಸಾಲದು, ಈ ಹೆಬ್ಬೆಟ್ಟು ಇವಳದೇ ಎಂದು ಓದುಬರಹ ಬಲ್ಲವರೊಬ್ಬರು ಸಹಿ ಹಾಕಬೇಕು. ಮಾದಿಗರ ಹೆಬ್ಬೆಟ್ಟಿನ ಪಕ್ಕ ಹೆಸರು ಬರೆಯುವವರು ಬಳ್ಳಾರಿಯಲ್ಲಿ ಯಾರಿದ್ದಾರೆ? ದೊಡ್ಡಬಸಪ್ಪನೊಬ್ಬನೇ ಒಪ್ಪಿದ. ಕೂಲಿ ಕೇಳಲಿಲ್ಲ. ಜೊತೆಗೆ ಒಂದು ಚೂರು ಬೆಲ್ಲವನ್ನೂ ಮೇಲಿನಿಂದ ಸೆರಗಿಗೆ ಎಸೆಯುತ್ತಿದ್ದ. "ಧರ್ಮರಾಯ" ಎಂದು ನಮ್ಮ ಹೆಂಗಸರು ಅವನಿಗೆ ಕೈ ಮುಗಿದರು.

ನಮ್ಮ ಕೇರಿಯಲ್ಲೊಂದು ಪದ್ಧತಿ ಇತ್ತು. ದೂರದಿಂದ ಬಂದ ದುಡ್ಡನ್ನು ಸೆರಗಿನ ತುದಿಗೆ ಕಟ್ಟುವ ಮೊದಲು ಅದು ಯಾತಕ್ಕೆಂದು ಗಟ್ಟಿಯಾಗಿ ಹೇಳಬೇಕು. ಹೇಳದೆ ಕಟ್ಟಿದರೆ ಅದು ಆಸ್ಪತ್ರೆಗೋ ಹೆಣಕ್ಕೋ ಹೋಗುತ್ತದೆ ಎಂಬ ಭಯ. ಪಿಸುಗುಟ್ಟುವಂತಿಲ್ಲ. ದೇವರಿಗೆ ಕೇಳಬೇಕು. ಹಾಗಾಗಿ ಮಂಡಿಯ ಮುಂದೆಯೇ ದುಡ್ಡು ಹಿಡಿದ ಕೈಯನ್ನು ಮೇಲೆತ್ತಿ ಒಬ್ಬೊಬ್ಬರಾಗಿ ಕೂಗುತ್ತಿದ್ದರು.

"ಇದು ನನ್ನ ಮನಿ ಜಾಗಕ್ಕ!"

"ಇದೂ ಜಾಗಕ್ಕ! ಹಿಂದಿಂದೂ ಕೂಡಿಸಿ ಐವತ್ತು ಆತು!"

ದೇವರಿಗೆ ಕೇಳಿತೋ ಇಲ್ಲವೋ. ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತವನಿಗೆ ಚೆನ್ನಾಗಿ ಕೇಳಿತು.

ಅಕ್ಕ ಮೊದಲು ಬೆಲೆ ಕೇಳಿದಾಗ ಅವನು ಅರವತ್ತು ಅಂದಿದ್ದ. ಅರವತ್ತು ಕೂಡಿಸಿಕೊಂಡು ಹೋದಳು.

"ಅದು ಹ್ವಾದ ಉಗಾದಿ ಮಾತು ಸುಂಕಿ. ಈಗ ನೂರು."

"ಏನು ಹೆಚ್ಚಾತ್ರೀ ಧಣೀ? ಅದ ನೆಲ, ಅದ ಮೂಳಿ."

"ಬೊಂಬಾಯಿ ಗಾಳಿ ಬೀಸೈತಿ ಬಯಲಿಗೆ. ನಿಮ್ಮ ಮಂದೀನ ಮುಗಿಬಿದ್ದು ಕೇಳಾಕ ಹತ್ಯಾರ. ನಾ ಏನ್ ಮಾಡ್ಲಿ?"

ನೂರು ಕೂಡಿತು. ನೂರಾ ಎಂಬತ್ತು ಅಂದ. ಮಾರೆಣ್ಣ ರಾತ್ರಿ ಪಾಳಿಯನ್ನೂ ಹಿಡಿದ. ನೂರಾ ಎಂಬತ್ತು ಕೂಡುವುದರೊಳಗೆ ಇನ್ನೂರೈವತ್ತು. ಪಾರಮ್ಮನ ಮಗ ಜ್ವರದಲ್ಲಿ ಮಲಗಿ ನಾಲ್ಕು ತಿಂಗಳು ದುಡ್ಡು ಕಳಿಸಲಿಲ್ಲ. ಅವಳ ಜಾಗದ ಬೆಲೆ ಆ ನಾಲ್ಕು ತಿಂಗಳು ಅಲುಗಲಿಲ್ಲ. ಪಕ್ಕದ ಗೋಡೆಯಾಚೆ ಅಕ್ಕನ ಜಾಗ ಮಾತ್ರ ಏರುತ್ತಲೇ ಹೋಯಿತು. ಬೊಂಬಾಯಿಯಲ್ಲಿ ಹುಡುಗ ಒಂದು ಮೂಟೆ ಹೆಚ್ಚು ಹೊತ್ತರೆ ಬಳ್ಳಾರಿಯಲ್ಲಿ ಅವನ ತಾಯಿಯ ಕಾಲ ಕೆಳಗಿನ ಮಣ್ಣಿನ ಬೆಲೆ ಒಂದು ಮೂಟೆ ಏರುತ್ತಿತ್ತು.

ನನಗೆ ಬೊಂಬಾಯಿಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹೆರಿಗೆಯಲ್ಲಿ ಹೋದಳು, ಕೂಸೂ ಹೋಯಿತು. ಬೆಲೆ ಏರಿದ ನೆಲದಲ್ಲಿ ಬರಿ ಚಪ್ಪಲಿ ಕೊಡುವವನಿಗೆ ಏನು ಕೆಲಸ? ಒಂದು ಬೆಳಿಗ್ಗೆ ಮಂಡಿಯ ಕಾವಲುಗಾರ ಎರ್ರೆಪ್ಪ ಬಂದು ನನ್ನ ಗುಡಿಸಲಿನ ಕಂಬಕ್ಕೆ ಹಗ್ಗ ಕಟ್ಟಿ ಎಳೆದ. ನಾನೇ ಹೊಸೆದ ತೊಗಲಿನ ಹಗ್ಗ, ಅದಕ್ಕೇ ಹರಿಯಲಿಲ್ಲ. ಖಾಲಿಯಾದ ನೆಲಕ್ಕೆ ನಾಲ್ಕು ಕಲ್ಲು ನೆಟ್ಟರು. ನಾನು ಅಕ್ಕನ ಗೋಡೆಯ ಹೊರಗೆ ಮಲಗತೊಡಗಿದೆ. ಗಂಡಸರು ಅಳುವುದಿಲ್ಲ. ಆ ವಾರ ತೊಗಲ ಬಯಲಿನ ಬಾವಿ ತುಂಬಿ ಹರಿಯಿತು, ಅಷ್ಟೇ.

ಅಕ್ಕ ಒಂದು ತಿಂಗಳು ದುಡ್ಡು ಯಾತಕ್ಕೆಂದು ಕೂಗದೆ ಗಂಟು ಹಾಕಿದಳು. ದೊಡ್ಡಬಸಪ್ಪ ಜಗಲಿಯಿಂದಲೇ ನಕ್ಕ.

"ಯಾಕ ಸುಂಕಿ, ಇವತ್ತ ದೇವರ ಕಿವಿ ಮುಚ್ಚೈತೇನು? ನೀ ಕೂಗದಿದ್ರೂ ಚಿಂತಿಲ್ಲ ಬಿಡು. ಎಷ್ಟು ಬಂತು ಅಂತ ಸಹಿ ಹಾಕಾವ ನಾನ ಅಲ್ಲೇನು? ನಿನ್ನ ಜಾಗಕ್ಕ ಮುನ್ನೂರು."

ಅಕ್ಕ ಕೇರಿಗೆ ಬಂದು ಗೋಡೆಗೆ ಒರಗಿ ಕೂತಳು. ಬಹಳ ಹೊತ್ತು ತನ್ನ ಹೆಬ್ಬೆಟ್ಟನ್ನೇ ನೋಡಿದಳು.

"ಓಬಾ," ಅಂದಳು, "ನಮ್ಮ ಹುಡುಗ್ರು ದುಡ್ಡು ಕಳಸಾದು ನಮಗಲ್ಲಲೇ. ಅವನಿಗೆ. ನಮ್ಮ ಜಾಗ ನಮ್ಮಿಂದ ದೂರ ಓಡಸಾಕ ನಾವ ಹೆಬ್ಬಟ್ಟು ಒತ್ತಾಕ ಹತ್ತೀವಿ."

ಬೇರೆ ಸಹಿ ಹುಡುಕಿ ಅವಳು ಊರೆಲ್ಲ ತಿರುಗಿದಳು. ಸಾಲಿಯ ಮಾಸ್ತರ ಬಾಗಿಲು ಹಾಕಿಕೊಂಡ. ಮಲ್ಲಯ್ಯ, "ಮಂಡಿ ಬಿಟ್ಟು ಬ್ಯಾರೆ ಕಡಿ ನಾ ಬರಂಗಿಲ್ಲವ್ವ" ಅಂದ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ಒಂದು ಸಹಿ ಸಿಗಲಿಲ್ಲ.

ಮುಂದಿನ ಮನಿಯಾರ್ಡರ್ ಬಂದ ದಿನ ನಾನೂ ಮಂಡಿಯ ಮುಂದಿದ್ದೆ. ದೊಡ್ಡಬಸಪ್ಪನ ಎತ್ತು ಸತ್ತಿತ್ತು, ಎಳೆಯಲು ಕರೆದಿದ್ದರು. ಮಲ್ಲಯ್ಯ ಮಸಿ ಬಳಿದ ಬಟ್ಟೆಯನ್ನು ಜಗಲಿಯ ಅಂಚಿಗೆ ಇಟ್ಟ. ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಒತ್ತವ್ವ, ಹೊತ್ತಾತು."

"ಒತ್ತಂಗಿಲ್ಲ."

"ಯಾಕ?"

"ದುಡ್ಡು ಬ್ಯಾಡ."

ದೊಡ್ಡಬಸಪ್ಪ ಒರಗಿದ್ದವನು ನೆಟ್ಟಗಾದ. "ಬ್ಯಾಡಂದ್ರ? ಮಗನ ಬೆವರು ಐತೆಲೇ ಅದರಾಗ."

"ಅದಕ್ಕ ಬ್ಯಾಡ್ರಿ. ಆ ಬೆವರಿಗೆ ನೀವು ಹುಳಾ ಆಗೀರಿ."

ಇಡೀ ಪೇಟೆ ನಿಂತುಹೋಯಿತು. ತಕ್ಕಡಿಗಳು ನಡುವೆ ನಿಂತವು. ನಾನು ಎಳೆಯುತ್ತಿದ್ದ ಸತ್ತ ಎತ್ತು ಕೂಡ ಕತ್ತು ತಿರುಗಿಸಿ ನೋಡಿತು. ಪಾರಮ್ಮ ಅಕ್ಕನ ಪಕ್ಕಕ್ಕೆ ಬಂದು ತನ್ನ ಕೈಯನ್ನೂ ಸೆರಗಿಗೆ ಹಾಕಿಕೊಂಡಳು. ಅವಳ ಹಿಂದೆ ನಿಂತಿದ್ದವರೆಲ್ಲ ಹಾಗೇ ಮಾಡಿದರು. ಮಲ್ಲಯ್ಯ ಆ ದಿನ ಎಲ್ಲರ ದುಡ್ಡನ್ನೂ ಚೀಲದಲ್ಲೇ ವಾಪಸು ಒಯ್ದ. ಮರುತಿಂಗಳೂ ಒಯ್ದ.

ಆ ತಿಂಗಳುಗಳ ಹಸಿವಿನ ಬಗ್ಗೆ ನನಗೆ ಹಿಗ್ಗಿಸಲು ಬರುವುದಿಲ್ಲ. ಇದ್ದಷ್ಟೇ ಹೇಳುತ್ತೇನೆ. ಹಸಿ ತೊಗಲಿಗೆ ಅಂಟಿದ ಕೊಬ್ಬನ್ನು ಕೆರೆದು ಬೇಯಿಸಿದೆವು. ಹುಣಸೆ ಬೀಜ ಹುರಿದು ಕುಟ್ಟಿದೆವು. ಪಾರಮ್ಮನ ಎದೆಯ ಹಾಲು ಬತ್ತಿತು, ಅವಳ ಕಡೆಯ ಕೂಸು ಅಳುವುದನ್ನು ನಿಲ್ಲಿಸಿತು. ಆಮೇಲೆ ಅದಕ್ಕೊಂದು ಗುಂಡಿ ತೋಡಿದೆವು.

ಬಯಲನ್ನು ಕೇಳುವವರು ಇಲ್ಲವಾದರು. ನಾವೇ ಏರಿಸಿದ ಬೆಲೆ, ನಾವು ಕೈ ಬಿಟ್ಟೊಡನೆ ಬಿತ್ತು. ದೊಡ್ಡಬಸಪ್ಪ ಸಿರುಗುಪ್ಪಕ್ಕೆ ಹೋಗಿ ಅಲ್ಲಿಯ ಅಕ್ಕಿ ಗಿರಣಿಯ ಸಾಹುಕಾರನಿಗೆ ಇಡೀ ಬಯಲನ್ನು ಗೋದಾಮಿಗೆ ಮಾರುವ ಮಾತಾಡಿ ಬಂದ. ಗುಡಿಸಲು ಕಿತ್ತು ನೆಲ ಹಸನು ಮಾಡಿ ಕೊಡಬೇಕು. ಎರ್ರೆಪ್ಪ ಬಂದು ಅಮಾವಾಸ್ಯೆಯ ಗಡುವು ಹೇಳಿಹೋದ.

ಈ ನಡುವೆ ಬೊಂಬಾಯಿಯಲ್ಲಿ ಆದದ್ದು ನಮಗೆ ಗೊತ್ತಿರಲಿಲ್ಲ. ನಮ್ಮ ಕೇರಿಯವರಿಗೆ ಮನಿಯಾರ್ಡರ್ ತಿರುಗಿ ಬಂದದ್ದು ಅದಕ್ಕೂ ಮೊದಲು ಒಂದೇ ಸಲ. ಉಚ್ಚೆಂಗೆಪ್ಪ ತಾಯಿಗೆ ಕಳಿಸಿದ್ದು. ಆ ತಾಯಿ ಸತ್ತಿದ್ದಳು. ದುಡ್ಡು ವಾಪಸು ಬಂದರೆ ತಾಯಿ ಇಲ್ಲವೆಂದೇ ಅರ್ಥ ಎಂದು ಹುಡುಗರು ತಿಳಿದುಕೊಂಡಿದ್ದರು. ಈಗ ಒಂದೇ ವಾರದಲ್ಲಿ ಎಲ್ಲರ ದುಡ್ಡೂ ವಾಪಸು. ಮರುತಿಂಗಳೂ ವಾಪಸು. ಕೇರಿಗೆ ಕಾಲರಾ ಬಡಿದು ಎಲ್ಲರೂ ಹೋದರೆಂದು ಬಂದರಿನಲ್ಲೇ ಮೂಟೆ ಎಸೆದು ಅತ್ತರಂತೆ. ಬೇಡವೆಂದರು ಎಂದು ವಾಪಸು ಬಂದ ಕಾಗದದಲ್ಲೇ ಬರೆದಿತ್ತು. ಅಕ್ಷರ ಬಲ್ಲವನು ಅವರಲ್ಲಿ ಒಬ್ಬನಿದ್ದರೆ ಸಾಕಿತ್ತು.

ಒಂದು ಮಧ್ಯಾಹ್ನ, ತಾಯಂದಿರ ಮಣ್ಣನ್ನಾದರೂ ನೋಡೋಣವೆಂದು, ಹುಡುಗರು ರೈಲು ಇಳಿದು ಬಂದರು. ಎಲ್ಲರ ತಲೆಯೂ ಬೋಳು. ಮೀಸೆಯೂ ಇಲ್ಲ. ಮಾರೆಣ್ಣ ಮುಂದೆ ಇದ್ದ. ಅಕ್ಕ ಗುಡಿಸಲ ಹೊರಗೆ ಹುಣಸೆ ಬೀಜ ಕುಟ್ಟುತ್ತಿದ್ದಳು. ಮಗ ನಿಂತಲ್ಲೇ ನಿಂತ. ತಾಯಿ ಒನಕೆ ಬಿಟ್ಟಳು.

"ಯವ್ವಾ, ನೀ ಬದುಕೀಯೇನು?"

"ತಲಿ ಯಾಕ ಬೋಳಿಸೀದಿಲೇ ಮಾರ್ಯಾ? ಯಾರು ಸತ್ರು?"

"ನೀನ."

ಅವಳು ಮಗನ ಬೋಳು ತಲೆಯನ್ನು ಎರಡೂ ಕೈಯಿಂದ ಸವರಿದಳು. ಸುಣ್ಣ ತಿಂದ ಕೈ, ಒರಟು. ಹುಡುಗನ ನೆತ್ತಿಯಲ್ಲಿ ಗೀರು ಬಿದ್ದವು.

"ಸಮುದ್ರದ ದಂಡ್ಯಾಗ ಪಿಂಡ ಇಟ್ಟೆ ಯವ್ವ. ಕಾಗಿ ಮುಟ್ಟಿದ್ವು. ಮುಟ್ಟಿದ್ವು ಅಂತ ಸಮಾಧಾನ ಮಾಡ್ಕಂಡೆ."

ಸಂತೋಷ ಪಡಬೇಕಿತ್ತು. ಆದರೆ ಕೇರಿಯ ಹಿರಿಯಳು ಜೋಗಮ್ಮ ಕೋಲೂರಿಕೊಂಡು ಬಂದು ಎಲ್ಲರ ತಲೆ ನೋಡಿದಳು.

"ಪಿಂಡ ತಿಂದಾಕಿ ಸೂರಿನ ಕೆಳಗ ಬರಬಾರದು," ಅಂದಳು. "ಒಂದು ಮರಿ ಕಡದು, ಕೇರಿಗೆಲ್ಲ ಉಂಬಾಕ ನೀಡಿ, ಹೊಸದಾಗಿ ಹೆಸರು ಕರೀಬೇಕು. ಅಲ್ಲೀತನ ಹೊರಗ. ಇಲ್ಲಾಂದ್ರ ಬೋಳಿಸಿದಾವನ ತಲಿಗೇ ಬರತೈತಿ."

ಮರಿ ಎಲ್ಲಿಂದ? ವಾಪಸು ಬಂದ ದುಡ್ಡು ತಿಥಿಗೂ ರೈಲಿಗೂ ಹೋಗಿತ್ತು. ಹೇಳದೆ ಬಿಟ್ಟು ಬಂದ ಕೆಲಸಕ್ಕೆ ಕೂಲಿಗಳ ಮೇಸ್ತ್ರಿ ಮುಕ್ಕಾದಮ ಬೇರೆಯವರನ್ನು ಹಾಕಿಕೊಂಡಿದ್ದ. ಅಕ್ಕ ಒಂದು ಚಾಪೆ ತಂದು ಗುಡಿಸಲಿನ ಮುಂದೆ ಹಾಸಿ ಕೂತಳು. ಮಗನ ತಲೆಗೆ ಬರುವುದೆಂದ ಮೇಲೆ ಅವಳು ಒಳಗೆ ಹೋಗುವವಳಲ್ಲ. ಮಿಕ್ಕ ಹೆಂಗಸರು ಮಾತ್ರ, ಮರಿ ಸಿಕ್ಕಾಗ ನೋಡೋಣವೆಂದು ಒಳಗೇ ಉಳಿದರು.

ಅಮಾವಾಸ್ಯೆಯ ದಿನ ಜಟಕಾ ಬಂತು. ದೊಡ್ಡಬಸಪ್ಪ ಇಳಿದ. ಹಿಂದೆ ಮೂಗಿಗೆ ರುಮಾಲು ಹಿಡಿದು ಸಿರುಗುಪ್ಪದ ಸಾಹುಕಾರ. ಎರ್ರೆಪ್ಪ, ಹಾರೆ ಗುದ್ದಲಿ ಹಿಡಿದ ಆಳುಗಳು.

"ಏಳ ಸುಂಕಿ. ಜಾಗ ಕೊಟ್ಟಾತು. ನಿನ್ನಿಂದ ಚಾಲೂ ಮಾಡೂನು."

"ನಾ ಹೆಂಗ ಏಳ್ಲಿರಿ ಧಣೀ? ಸತ್ತೀನಲ್ಲ."

"ಏನಂದಿ?"

"ನನ್ನ ಮಗನ ತಲಿ ನೋಡ್ರಿ. ನನಗ ಪಿಂಡ ಇಟ್ಟು ಬಂದಾನ. ಸತ್ತೋರು ಬಾಡಗಿ ಕೊಡ್ತಾರೇನ್ರಿ? ಸತ್ತೋರ್ನ ಜಾಗ ಬಿಡಸ್ತಾರೇನ್ರಿ?"

ಅದನ್ನು ಅವಳು ಯೋಚಿಸಿಟ್ಟುಕೊಂಡಿರಲಿಲ್ಲ. ಬೇರೆ ಏನೂ ಉಳಿದಿರಲಿಲ್ಲ, ಅದಕ್ಕೆ ಬಾಯಿಗೆ ಬಂತು. ಸಿರುಗುಪ್ಪದವನು ಸುತ್ತ ನೋಡಿದ. ಗುಡಿಸಲಿಗೊಂದು ಬೋಳು ತಲೆ. ಅವನು ಚಪ್ಪಲಿಯ ಕಾಲನ್ನು ಒಂದೊಂದಾಗಿ ಹಿಂದಕ್ಕೆ ತೆಗೆದ.

"ಏನ್ರೀ ದೊಡ್ಡಬಸಪ್ಪ, ಇದೇನು ಸುಡುಗಾಡೇನ್ರಿ? ಅಕ್ಕಿ ಇಡಾ ಜಾಗ ಅಂದಿದ್ರಿ."

"ಹುಚ್ಚಿ ರೀ ಆಕಿ. ಲೇ ಎರ್ರೆಪ್ಪ, ಎಳದು ಅತ್ತಾಗ ಹಾಕು."

ಎರ್ರೆಪ್ಪ ಮುಂದೆ ಬಂದ. ಅಕ್ಕ ಅವನನ್ನು ನೋಡಿದಳು, ರೆಪ್ಪೆ ಬಡಿಯದೆ. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡ.

"ಜೀವ ಇದ್ರ ಎಳೀತಿದ್ನಿರಿ ಧಣೀ. ಪಿಂಡ ಇಟ್ಟಾರಂತ. ಹೆಣಾ ಎತ್ತಾದು ನಮ್ಮ ಕೆಲಸ ಅಲ್ರಿ. ಮಾದಿಗರದು."

ಆಗ ದೊಡ್ಡಬಸಪ್ಪನ ಕಣ್ಣು ನನ್ನ ಮೇಲೆ ಬಿತ್ತು. ಊರಿನ ದಿಕ್ಕಿಲ್ಲದ ಹೆಣಗಳನ್ನೆಲ್ಲ ಎತ್ತಿದವನು ನಾನೇ.

"ಲೇ ಓಬ್ಯಾ! ಬಾ ಇಲ್ಲಿ. ಎತ್ತು ಈ ಹೆಣಾನ."

ನಾನು ಹೋದೆ. ಕಾಲು ಕರೆದಲ್ಲಿಗೆ ಹೋಗಿಯೇ ರೂಢಿ.

"ಎತ್ತಿ ಅಲ್ಲಿ ರಸ್ತಿ ಮ್ಯಾಲ ಇಡು. ನಿನ್ನ ಗುಡಸ್ಲ ಜಾಗ ನಿನಗ ಬಿಡ್ತೀನಿ. ಗೋದಾಮು ಅದರ ಆಚಿ ಕಡಿ ಕಟ್ಟಲಿ. ಚಪ್ಪಲೀನೂ ಬ್ಯಾಡ, ಏನೂ ಬ್ಯಾಡ. ನಾಕು ಮಂದಿ ಮುಂದ ಹೇಳಾಕ ಹತ್ತೀನಿ."

ನಾಲ್ಕು ಕಲ್ಲಿನ ನಡುವಿನ ನನ್ನ ನೆಲ ಅಲ್ಲೇ ಕಾಣುತ್ತಿತ್ತು. ನನ್ನ ಹೆಂಡತಿ ಒಲೆ ಹೂಡಿದ ಮೂಲೆ. ನಾನು ಬಗ್ಗಿದೆ. ಅಕ್ಕನ ಕಂಕುಳಿಗೆ ಕೈ ಹಾಕಿದೆ. ಮೂಳೆ ಸಿಕ್ಕಿತು. ಮೂಳೆಯ ಹಿಂದೆ ಎದೆ ದಡದಡ ಬಡಿಯುತ್ತಿತ್ತು. ಅವಳು ಬೇಡವೆನ್ನಲಿಲ್ಲ. "ನಿನಗಾದ್ರೂ ಆಗ್ಲಿ" ಎಂಬಂತೆ ಕಣ್ಣು ಮುಚ್ಚಿದಳು.

ನಾನು ಕೈ ತೆಗೆದೆ.

"ಆಗಂಗಿಲ್ರಿ ಧಣೀ. ಭಾಳ ಭಾರ ಅದಾಳ."

"ಎಮ್ಮಿ ಹೊರಾವ, ಈ ಒಣಾ ಕಟ್ಟಿಗಿ ಎತ್ತಾಕ ಆಗಂಗಿಲ್ಲೇನಲೇ?"

"ಇಲ್ರಿ."

ಅವನ ಬೆತ್ತ ನನ್ನ ಕಿವಿಯ ಮೇಲೆ ಬಿತ್ತು. ಆಮೇಲೆ ಮೂಗಿನ ಮೇಲೆ. ರಕ್ತ ಬಾಯಿಗೆ ಇಳಿಯಿತು, ಉಪ್ಪಾಗಿತ್ತು. ಮಾರೆಣ್ಣ ಮುಂದೆ ಬಂದ. ನಾನು ಕೈ ಅಡ್ಡ ಹಿಡಿದೆ.

"ಎತ್ತಲೇ!"

"ಎತ್ತಂಗಿಲ್ಲ."

"ಯಾರಿಗೆ ಹೇಳಾಕ ಹತ್ತೀಯಲೇ?"

"ನಿಮಗ. ನಿಮ್ಮ ಎತ್ತು ಎತ್ತಂಗಿಲ್ಲ. ನಿಮ್ಮ ಮನ್ಯಾಗ ನಾಯಿ ಸತ್ರೂ ಎತ್ತಂಗಿಲ್ಲ. ಈ ಕೇರ್ಯಾವ ಯಾವನೂ ಎತ್ತಂಗಿಲ್ಲ. ನಿಮಗೂ ಎರಡು ಕೈ ಅದಾವಲ್ಲ. ಬಗ್ಗಿ ಎತ್ರಿ."

ಅವನು ತನ್ನ ಕೈಗಳನ್ನು ನೋಡಿಕೊಂಡ. ಉಂಗುರಗಳಿದ್ದವು. ಅಕ್ಕ ಮುಖ ಎತ್ತಿ ಅವನಿಗೆ ಎರಡೂ ತೋಳು ಚಾಚಿದಳು, ಎತ್ತಿಕೊ ಎನ್ನುವಂತೆ. ಅವನು ಹಾರಿ ಹಿಂದೆ ಸರಿದ. ಸಿರುಗುಪ್ಪದವನು ಅಷ್ಟರಲ್ಲಿ ಜಟಕಾ ಏರಿ ಕೂತಿದ್ದ.

ದೊಡ್ಡಬಸಪ್ಪ ಹೋಗುವ ಮುಂಚೆ ಎರ್ರೆಪ್ಪನಿಗೆ ಹೇಳಿದ, ನಮಗೆಲ್ಲ ಕೇಳುವ ಹಾಗೆ.

"ನೀ ಇಲ್ಲೇ ಕುಂದರು. ಯಾವ ಹೆಣಾ ಗುಡಸ್ಲದಾಗ ಕಾಲಿಡತೈತೋ ಅದಕ್ಕ ಜೀವ ಐತಿ ಅಂತ ಲೆಕ್ಕ. ಆವಾಗ ಎಳದು ಹಾಕು. ಎಷ್ಟು ದಿನ ಸತ್ತಿರ್ತಾರ, ನೋಡೇ ಬಿಡೂನು."

ಜಟಕಾ ತಿರುಗಿತು. ಕೇರಿಯಲ್ಲಿ ಯಾರೂ ಗೆದ್ದವರಂತೆ ಕೂಗಲಿಲ್ಲ. ಪಾರಮ್ಮ ತನ್ನ ಗುಡಿಸಲಿನಿಂದ ಕಂಬಳಿ ತಂದು ಬಾಗಿಲ ಮುಂದೆ ಹಾಸಿ ಕೂತಳು. ಅವಳ ಮಗನ ತಲೆಯೂ ಬೋಳೇ. ಅವಳನ್ನು ನೋಡಿ ಅವಳಾಚೆಯವಳು. ಅವಳಾಚೆಯವಳನ್ನು ನೋಡಿ ಇನ್ನೊಬ್ಬಳು. ಜೋಗಮ್ಮನಿಗೆ ಮಕ್ಕಳಿಲ್ಲ. ಉಚ್ಚೆಂಗೆಪ್ಪ ಅವಳನ್ನು ಕೈ ಹಿಡಿದು ಹೊರಗೆ ತಂದ. "ನನ್ನವ್ವ ಮದಲ ಹೋಗ್ಯಾಳ. ಈ ತಲಿ ನಿನಗ ಇರಲಿ ಬೇ" ಅಂದ.

ನಾನು ಮಾರೆಣ್ಣನ ಹತ್ತಿರ ಹೋದೆ.

"ಅಳಿಯಾ, ನನಗೂ ಯಾರೂ ಇಲ್ಲಲೇ. ನನಗೊಂದು ತಲಿ ಬೋಳಿಸ್ಕೊ."

"ಬೋಳಿಸಾಕ ಎಲ್ಲೈತಿ ಮಾವ ಕೂದಲಾ?"

"ಇದ್ದ ಬೋಳಿನ್ಯಾಗ ನನ್ನೂ ಸೇರಿಸ್ಕೊ."

ಅವನು ತಲೆಯ ಮೇಲೆ ಕೈ ಇಟ್ಟು ಆಗಲಿ ಎಂದ. ನಾನು ಹೋಗಿ ನಾಲ್ಕು ಕಲ್ಲಿನ ನಡುವೆ ಮಲಗಿದೆ. ನೆಲ ಕಾದಿತ್ತು. ಆ ಸಂಜೆ ಯಾವ ಗುಡಿಸಲಿನಲ್ಲೂ ಒಲೆ ಹೊತ್ತಲಿಲ್ಲ. ಸತ್ತವರ ಮನೆಯಲ್ಲಿ ಹೊತ್ತಿಸುವಂತಿಲ್ಲ. ಹೊತ್ತಿಸಿದರೂ ಮೇಲೆ ಇಡಲು ಏನೂ ಇರಲಿಲ್ಲ. ಮಾರೆಣ್ಣ ತೆಂಗಿನ ಚಿಪ್ಪಿನಲ್ಲಿ ನೀರು ತಂದು ತಾಯಿಯ ಮುಂದೆ ಎಡೆ ಇಟ್ಟ. ಸತ್ತವರು ಉಣ್ಣುವಾಗ ನೋಡಬಾರದೆಂದು ಬೆನ್ನು ತಿರುಗಿಸಿ ನಿಂತ. ಅವಳು ಗಟಗಟ ಕುಡಿದ ಸದ್ದು ನನ್ನ ತನಕ ಕೇಳಿಸಿತು.

ಕತ್ತಲು ಬೀಳುವ ಮುಂಚೆ ಜಟಕಾ ಇನ್ನೊಮ್ಮೆ ಬಂದು ರಸ್ತೆಯ ಮೇಲೇ ನಿಂತಿತು. ದೊಡ್ಡಬಸಪ್ಪ ಇಳಿಯಲಿಲ್ಲ.

"ಎರ್ರೆಪ್ಪಾ! ಯಾರರ ಒಳಗ ಹೋದ್ರೇನಲೇ?"

ಬೇವಿನ ಮರದ ಕೆಳಗಿದ್ದ ಎರ್ರೆಪ್ಪ ಎದ್ದು ನಿಂತ. ಬಯಲಿನ ತುಂಬ ಮಲಗಿದ್ದ ನಮ್ಮನ್ನು ಈ ತುದಿಯಿಂದ ಆ ತುದಿಗೆ ನೋಡಿದ.

"ಇಲ್ರಿ ಧಣೀ. ನನ್ನ ಕರಕಂಡು ಹೋಗ್ರಿ. ಈ ಕೇರ್ಯಾಗ ಜೀವಂತ ಇರಾವ ನಾನೊಬ್ಬನ ಅದೀನಿ."